ಕಂಪ್ಯೂಟರ್ 50 ಅಂತು, ಗೇಜ್ 54 ತೋರಿಸಿತು

ಪ್ರಶ್ನೆ: ನಮ್ಮದು ಚಿಕ್ಕ ಲೇತ್ ವರ್ಕ್‌ಶಾಪ್. 4 ಮಿ.ಮೀ. ತೂತಿನ ಹಿತ್ತಾಳೆ ನಾಜಲ್ ಮಾಡುತ್ತೇವೆ. ತೂತು 0.08 ಮಿ.ಮೀ. ಆಚೀಚೆ ಆಗುವುದುಂಟು. ನಿಮಿಷಕ್ಕೆ 7.5 ಲೀಟರ್ ನೀರು ಹರಿದರೆ ಪ್ರೆಷರ್ ಡ್ರಾಪ್ (ನಾಜಲ್ ದಾಟುವಾಗ ಇಳಿಯುವ ಒತ್ತಡ) 50 ಕಿಲೋಪಾಸ್ಕಲ್ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿದ ಸಿಮ್ಯುಲೇಶನ್ ರಿಪೋರ್ಟ್ ಬಂದಿದೆ. ನಮ್ಮ ಟೆಸ್ಟಿನಲ್ಲಿ 54 ಬಂತು. ಮಗ ಕಂಪ್ಯೂಟರ್ ಸರಿ ಅಂತಾನೆ, ಫೋರ್‌ಮನ್ ಗೇಜ್ ಸರಿ ಅಂತಾರೆ. ಯಾರನ್ನು ನಂಬಲಿ ಮೇಡಂ? ರಿಪೋರ್ಟ್ ಮತ್ತು ಗೇಜಿನ ಫೋಟೋ ಇಟ್ಟಿದ್ದೇನೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಬ್ಬರ ಮಾತೂ ಅರ್ಧಕ್ಕೆ ನಿಂತಿದೆ. 50 ಅಂದರೆ ಎಷ್ಟು ಆಚೀಚೆ? 54 ಅಂದರೆ ಎಷ್ಟು ಆಚೀಚೆ? ಅದು ಗೊತ್ತಾಗದೆ ತೀರ್ಪು ಕೊಡಲು ಬರುವುದಿಲ್ಲ. ಇಪ್ಪತ್ತೆರಡು ವರ್ಷ ವಾಲ್ವ್, ನಾಜಲ್‌ಗಳ ಸಿಮ್ಯುಲೇಶನ್ ಮಾಡಿದವಳು ನಾನು. ಆಚೀಚೆ ಎಷ್ಟು ಎಂದು ಬರೆಯದ ರಿಪೋರ್ಟಿಗೆ ಸಹಿ ಹಾಕಿಲ್ಲ.

ಮೊದಲು ತೂತು. ಅಷ್ಟೇ ನೀರನ್ನು ಚಿಕ್ಕ ತೂತಿನಲ್ಲಿ ನುಗ್ಗಿಸಿದರೆ ಒತ್ತಡ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. ತೂತು 4 ಇದ್ದದ್ದು 3.92 ಆದರೆ ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಪ್ರೆಷರ್ ಡ್ರಾಪ್ ಶೇ. 8ರಷ್ಟು ಜಾಸ್ತಿ, ಅಂದರೆ 4 ಕಿಲೋಪಾಸ್ಕಲ್! ನಿಮ್ಮ ಇಡೀ ಜಗಳ ಅಷ್ಟರದ್ದೇ ಅಲ್ವಾ? ತೂತಿನ ಬಾಯಲ್ಲಿ ಕೂದಲೆಳೆಯಷ್ಟು ಬರ್ (ಕೊರೆದಾಗ ಅಂಚಿನಲ್ಲಿ ಏಳುವ ಲೋಹದ ಮುಳ್ಳು) ಉಳಿದಿದ್ದರೂ ನೀರು ಒಳಗೆ ಹೋಗುವಾಗಲೇ ಹಿಂಡಿಕೊಳ್ಳುತ್ತದೆ. ಡ್ರಾಯಿಂಗಿನಲ್ಲಿ ಆ ಅಂಚು ದುಂಡಗಿದೆ. ಕಂಪ್ಯೂಟರ್ ಲೆಕ್ಕ ಹಾಕಿದ್ದು ಡ್ರಾಯಿಂಗಿನ ನಾಜಲನ್ನು, ನಿಮ್ಮ ಕೈಯಲ್ಲಿರುವುದನ್ನಲ್ಲ.

ಹರಿವು ಅಳೆಯುವಾಗ ಶೇ. 2 ತಪ್ಪಿದರೆ ಒತ್ತಡದಲ್ಲಿ ಶೇ. 4, ಅಂದರೆ 2 ಕಿಲೋಪಾಸ್ಕಲ್ ತಪ್ಪುತ್ತದೆ.

ಇನ್ನು ಮೆಶ್. ನೀರಿರುವ ಜಾಗವನ್ನು ಚಿಕ್ಕ ಚಿಕ್ಕ ಸೆಲ್‌ಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತಾರೆ. ನಿಮ್ಮ ರಿಪೋರ್ಟಿನ ಕೊನೆಯ ಪುಟ ನೋಡಿ: 1 ಲಕ್ಷ ಸೆಲ್‌ಗೆ 46, 8 ಲಕ್ಷಕ್ಕೆ 49, 64 ಲಕ್ಷಕ್ಕೆ 50. ಮೊದಲ ಜಿಗಿತ 3, ಮುಂದಿನದು 1. ಹೀಗೇ ಮೂರರಲ್ಲೊಂದು ಪಾಲಿಗೆ ಇಳಿಯುತ್ತಾ ಹೋದರೆ 50.5ರ ಹತ್ತಿರ ನಿಲ್ಲುತ್ತದೆ. ಸಿಮ್ಯುಲೇಶನ್ ತಜ್ಞ ಪ್ಯಾಟ್ರಿಕ್ ರೋಚ್ 1994ರಲ್ಲಿ ಹೇಳಿಕೊಟ್ಟ ಲೆಕ್ಕದ ಪ್ರಕಾರ ಮೆಶ್‌ನಿಂದ ಬರುವ ಅನುಮಾನ ಸುಮಾರು 0.6. ಮೂರೂ ಮೆಶ್‌ಗಳ ಉತ್ತರ ಬರೆದಿಟ್ಟಿದ್ದಾರಲ್ಲ, ಒಳ್ಳೆಯ ಕೆಲಸ ಮಾಡಿದ್ದಾರೆ.

4, 2, 0.6. ಇವನ್ನು ಸುಮ್ನೆ ಕೂಡಿಸಬೇಡಿ, ಎಲ್ಲವೂ ಒಟ್ಟಿಗೆ ಒಂದೇ ಕಡೆಗೆ ತಪ್ಪುವುದು ಅಪರೂಪ. ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. 4.5 ಬರುತ್ತದೆ. ಫೋಟೋದಲ್ಲಿ ನಿಮ್ಮ ಗೇಜಿನ ಮುಖದ ಮೇಲೆ ಸಣ್ಣಗೆ 1.6 ಎಂದಿದೆ. ಅಂದರೆ ಗೇಜ್ ತೋರಿಸುವ ಗರಿಷ್ಠ ಒತ್ತಡದ ಶೇ. 1.6. ನಿಮ್ಮದು 100 ಕಿಲೋಪಾಸ್ಕಲ್‌ವರೆಗಿನ ಗೇಜ್, ಹಾಗಾಗಿ ಅದು 1.6 ಕಿಲೋಪಾಸ್ಕಲ್ ಆಚೀಚೆ ಹೋಗಬಹುದು. ಅದನ್ನೂ ಸೇರಿಸಿದರೆ 4.8. ನಿಮ್ಮ ವ್ಯತ್ಯಾಸ 4. ಅಂದರೆ 50 ಮತ್ತು 54 ಒಂದಕ್ಕೊಂದು ವಿರುದ್ಧವಾಗಿಲ್ಲ. ಹಾಗಂತ ಸಿಮ್ಯುಲೇಶನ್ ಸರಿ ಎಂದು ಸಾಬೀತಾಯಿತು ಅಂತಲೂ ಅಲ್ಲ. ಈ ಅಳತೆಗಳಿಂದ ಅಷ್ಟು ಸೂಕ್ಷ್ಮವಾಗಿ ಹೇಳಲಾಗುವುದಿಲ್ಲ, ಅಷ್ಟೇ.

ಸಾಫ್ಟ್‌ವೇರಿನಲ್ಲಿ ಆರಿಸುವ ಟರ್ಬುಲೆನ್ಸ್ ಮಾಡೆಲ್ (ನೀರಿನ ಸುಳಿಗಳನ್ನು ಅಂದಾಜು ಮಾಡುವ ಸೂತ್ರ) ಈ ಲೆಕ್ಕದಲ್ಲಿ ಬಂದಿಲ್ಲ, ಅದನ್ನು ಕಡೆಗಣಿಸಬೇಡಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ನಾಜಲ್‌ನ ಡ್ರಾಯಿಂಗನ್ನು ಬೇರೆ ಬೇರೆ ತಂಡಗಳಿಗೆ ಕೊಟ್ಟಿತ್ತು. ರಕ್ತ ಹರಿಯುವ ವೈದ್ಯಕೀಯ ಸಾಧನಗಳಿಗಾಗಿ ಮಾಡಿದ ಪರೀಕ್ಷೆ ಅದು. ಅದರ ಕತ್ತೂ 4 ಮಿ.ಮೀ.! 28 ತಂಡಗಳು ಸಿಮ್ಯುಲೇಶನ್ ಮಾಡಿದವು. 2012ರಲ್ಲಿ ಪ್ರಕಟವಾದ ಫಲಿತಾಂಶ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಡ್ರಾಯಿಂಗ್ ಒಂದೇ, ಹರಿವು ಒಂದೇ, ಆದರೂ ಕತ್ತು ದಾಟಿದ ಧಾರೆ ಎಲ್ಲಿ ಒಡೆಯುತ್ತದೆ ಎಂಬುದಕ್ಕೆ ಉತ್ತರಗಳು ಚೆಲ್ಲಾಪಿಲ್ಲಿ. ಅಲ್ಲಿ ಲೆಕ್ಕ ತಪ್ಪಿದರೆ ರೋಗಿಯ ರಕ್ತಕಣಗಳಿಗೆ ಏಟು.

ಈಗ ನೀವು ಮಾಡಬೇಕಾದದ್ದು: ವರ್ನಿಯರ್ ಬಿಡಿ, ಚಿಕ್ಕ ತೂತಿನಲ್ಲಿ ಅದರ ದವಡೆ ಸರಿಯಾಗಿ ಕೂರುವುದಿಲ್ಲ. ಒಂದು ಸೆಟ್ ಪಿನ್ ಗೇಜ್ (ನಿಖರ ವ್ಯಾಸದ ಅಳತೆ ಕಡ್ಡಿಗಳು) ತನ್ನಿ. ಬರ್ ತೆಗೆದು ಹತ್ತು ನಾಜಲ್‌ಗಳಲ್ಲಿ ಪಿನ್ ಹಾಕಿ, ಯಾವುದು ಹೋಯಿತು, ಯಾವುದು ಹೋಗಲಿಲ್ಲ ಬರೆದುಕೊಳ್ಳಿ. ಸಿಮ್ಯುಲೇಶನ್ ಮಾಡಿದವರಿಗೆ ಅದೇ ಅಳತೆ ಕೊಟ್ಟು ಇನ್ನೊಂದು ಟರ್ಬುಲೆನ್ಸ್ ಮಾಡೆಲ್‌ನಲ್ಲೂ ಓಡಿಸಲು ಹೇಳಿ. ಬಂದ ಅಂಕಿಗಳನ್ನು ನನಗೂ ಕಳಿಸಿ, ಕೂತು ನೋಡೋಣ.