ಚಳಿಗಾಲದಲ್ಲಿ ಗುಡ್ಡ ಹತ್ತಿ ಹ್ಯಾಮ್ ರೇಡಿಯೋ ಹಚ್ಚಬೇಕೆಂದರೆ ಏನೇನು ಬೇಕು?

ನಿಮ್ಮ ಮನೆ ಹಾವೇರಿ ಕಡೆ, ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಬೇರೆಯವರ ಜೊತೆ ಮಾತಾಡುವುದರ ಲೈಸೆನ್ಸ್ ಈಗಷ್ಟೇ ಕೈಗೆ ಬಂದಿದೆ, ಜನವರಿಯಲ್ಲಿ ಯಾವುದಾದರೂ ಗುಡ್ಡದ ನೆತ್ತಿಯಿಂದ ಮಾತಾಡಬೇಕು ಅಂತ ಆಸೆ. ಆದರೆ ಹೊರದೇಶದವರು ಹಿಮದಲ್ಲಿ ಕೂತು ಮಾಡುವ ವಿಡಿಯೋ ನೋಡಿ ಬ್ಯಾಟರಿ ಬಗ್ಗೆ ಹೆದರಿಕೆ ಶುರುವಾಗಿದೆ. ಇಷ್ಟು ತಾನೇ ನೀವು ಕೇಳಿದ್ದು? ನಾನು ಗದಗಿನವನು. ಕೆಲವು ಚಳಿಗಾಲ ಕಪ್ಪತಗುಡ್ಡಕ್ಕೆ ರೇಡಿಯೋ ಹೊತ್ತುಕೊಂಡು ಹೋಗಿ ಬಂದಿದ್ದೇನೆ, ಎರಡು ಸಲ ಬರಿಗೈಲಿ ವಾಪಸ್ ಬಂದಿದ್ದೂ ಇದೆ. ಎರಡೂ ಸಲ ನನಗೆ ಕೈ ಕೊಟ್ಟದ್ದು ಆಂಟೆನಾ ಕಂಬ. ಬ್ಯಾಟರಿ ಒಮ್ಮೆಯೂ ಕೈ ಕೊಟ್ಟಿಲ್ಲ.

ಆ ವಿಡಿಯೋದವರ ಕಷ್ಟ ಸುಳ್ಳಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೆ ಲಿಥಿಯಂ ಬ್ಯಾಟರಿಯ ತಾಕತ್ತು ಇಳಿಯುತ್ತದೆ, ಅದಕ್ಕೇ ಅವರು ಅದನ್ನು ಜಾಕೆಟ್ಟಿನ ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳುತ್ತಾರೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಅಷ್ಟು ಚಳಿಯಲ್ಲಿ ಚಾರ್ಜ್ ಮಾಡಲೇಬಾರದು, ಸೆಲ್ ಒಳಗಿಂದ ಕೆಡುತ್ತದೆ. ಡಿಸ್‌ಪ್ಲೇ ಮಂದ ಆಗುತ್ತದೆ. ಒಣ ಹಿಮ ಗಾಳಿಗೆ ಹಾರಿ ತಂತಿಗೆ ಬಡಿದರೆ ಆಂಟೆನಾದಲ್ಲಿ ಚಾರ್ಜ್ ಕೂಡಿ ರೇಡಿಯೋದಲ್ಲಿ ಸುಮ್ನೆ ಗರಗರ ಅನ್ನುತ್ತದೆ. ನೀವು ಲಾಹೌಲಿಗೋ ಲಡಾಖಿಗೋ ಹೋಗುವ ದಿನ ಇದೆಲ್ಲ ನೆನಪಿರಲಿ. ಇಲ್ಲಿ ಜನವರಿ ನಸುಕಿನಲ್ಲಿ 12-13 ಡಿಗ್ರಿಗೆ ಇಳಿದರೆ ನಾವು ಕಂಬಳಿ ಹೊದ್ದು ಗೊಣಗುತ್ತೇವೆ, ಬ್ಯಾಟರಿಗೆ ಅದು ಗೊತ್ತೂ ಆಗುವುದಿಲ್ಲ.

ನಿಜ ಹೇಳಬೇಕೆಂದರೆ ನಮ್ಮ ಕಡೆ ಈ ಕೆಲಸಕ್ಕೆ ಚಳಿಗಾಲವೇ ಸರಿಯಾದ ಕಾಲ. ಆಷಾಢದ ಗಾಳಿಯಲ್ಲಿ ಕಪ್ಪತಗುಡ್ಡದ ಮೇಲೆ ಕಂಬ ನಿಲ್ಲಿಸುವ ಮಾತೇ ಇಲ್ಲ, ಅಲ್ಲಿ ಅಷ್ಟೊಂದು ಗಾಳಿಯಂತ್ರ ಸುಮ್ನೆ ಹಾಕಿಲ್ಲವಲ್ಲ. ಏಪ್ರಿಲ್-ಮೇನಲ್ಲಿ ಬಿಸಿಲು ಒಂದು ಕಡೆ, ಅಡ್ಡಮಳೆ ಗುಡುಗು ಇನ್ನೊಂದು ಕಡೆ. ಗುಡುಗು ನೂರಾರು ಕಿಲೋಮೀಟರ್ ದೂರದಲ್ಲಿದ್ದರೂ ನಾವು ಹಚ್ಚುವ 7 ಮೆಗಾಹರ್ಟ್ಸ್‌ನಲ್ಲಿ ಚಟಚಟ ಅಂತ ಕೇಳುತ್ತದೆ. ಡಿಸೆಂಬರ್-ಜನವರಿಯಲ್ಲಿ ಆ ಗದ್ದಲ ಬಹಳ ಕಡಿಮೆ. ಕೆಳಗೆ ಬಯಲಿನಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿ ಇಬ್ಬನಿ ಕುಡಿದುಕೊಂಡು ನಿಂತಿರುತ್ತವೆ, ಮೇಲೆ ಬ್ಯಾಂಡು, ಅಂದರೆ ನಮಗೆ ಕೊಟ್ಟ ಫ್ರೀಕ್ವೆನ್ಸಿಗಳ ಪಟ್ಟಿ, ಶಾಂತ.

ಹಂಗಂತ ಗಾಳಿ ಇಲ್ಲವೇ ಇಲ್ಲ ಅಂತಲ್ಲ. ಬೆಳಗಿನ ಮೂಡಗಾಳಿ ನೆತ್ತಿಯ ಮೇಲೆ ಸಾಕಷ್ಟು ಬೀಸುತ್ತದೆ. ಮೊದಲ ಸಲ ನಾನು ಮೀನು ಹಿಡಿಯುವ ಉದ್ದ ಗಳ ಒಂದನ್ನು ಆನ್‌ಲೈನಿನಲ್ಲಿ ತರಿಸಿ, ಅದಕ್ಕೆ ತಂತಿ ಸುತ್ತಿ ನಿಲ್ಲಿಸಿದೆ. ಎಸ್‌ಡಬ್ಲ್ಯೂಆರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ, 1ರ ಹತ್ತಿರ ಇರಬೇಕು) ನೋಡಿದರೆ 4. ತಂತಿ ಕತ್ತರಿಸಿದೆ, ಮತ್ತೆ ಕಟ್ಟಿದೆ, ಕನೆಕ್ಟರ್ ಬಿಚ್ಚಿ ಒರೆಸಿದೆ, ಒಂದು ತಾಸು ಹೋಯಿತು. ಗಳ ಕಾರ್ಬನ್ನಿನದು ಅಂತ ಗೊತ್ತಾದದ್ದು ಮನೆಗೆ ಬಂದ ಮೇಲೆ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ, ಅದಕ್ಕೆ ಅಂಟಿಸಿ ತಂತಿ ಕಟ್ಟಿದರೆ ಆಂಟೆನಾ ಹಾಳು. ಫೈಬರ್‌ಗ್ಲಾಸ್ ಗಳವೇ ಬೇಕು, ಇಲ್ಲದಿದ್ದರೆ ಒಣಗಿದ ಬಿದಿರು ಸಾಕು.

ಎರಡನೇ ಸಲ ಗಳ ಸರಿಯಿತ್ತು, ಗೂಟ ಕೈ ಕೊಟ್ಟಿತು. ಟೆಂಟಿನ ಗೂಟ ತಂದಿದ್ದೆ, ನೆತ್ತಿಯ ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು, ಅದರ ಕೆಳಗೆ ಬರೀ ಕಲ್ಲು. ಒಂದು ಗಾಳಿಗೆ ಗೂಟ ಕಿತ್ತು ಗಳ ಮಗುಚಿ ನಡುವೆ ಸೀಳಿತು. ಈಗ ಗೂಟ ಒಯ್ಯುವುದೇ ಇಲ್ಲ. ಗಳದ ಎದೆಮಟ್ಟದಲ್ಲಿ ಮೂರು ಹಗ್ಗ ಕಟ್ಟುತ್ತೇನೆ. ಪ್ರತಿ ಹಗ್ಗದ ತುದಿಗೆ ಒಂದು ಗಟ್ಟಿ ಕೈಚೀಲ, ಚೀಲದ ತುಂಬ ಅಲ್ಲೇ ಸಿಗುವ ಕಲ್ಲು. ಚೀಲ ಗಳದಿಂದ ಮೂರು ಹೆಜ್ಜೆ ದೂರ ಇಟ್ಟು, ಹಗ್ಗ ಬಿಗಿ ಆಗುವ ತನಕ ಕಾಲಿನಿಂದ ಹಿಂದೆ ಜಗ್ಗುವುದು. ಬೆರಳು ಸೆಟೆದಿದ್ದರೂ ಇದನ್ನು ಮಾಡಬಹುದು, ಚಳಿಯಲ್ಲಿ ಸಣ್ಣ ಗಂಟು ಬಿಚ್ಚುವ ಕೆಲಸ ಬೇಡವೇ ಬೇಡ.

ತಂತಿಯ ಲೆಕ್ಕ ಸುಲಭ. 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧ ತರಂಗದ ಡೈಪೋಲ್ (ನಡುವಿನಿಂದ ರೇಡಿಯೋಗೆ ಜೋಡಿಸುವ ಎರಡು ತಂತಿಯ ಆಂಟೆನಾ) ಎಷ್ಟು ಮೀಟರ್ ಅಂತ ಬರುತ್ತದೆ. 7.1ಕ್ಕೆ ಸುಮಾರು 20 ಮೀಟರ್, ಅಂದರೆ ಆ ಕಡೆ 10, ಈ ಕಡೆ 10. ನಡುವಿನ ಭಾಗ ಗಳದ ತುದಿಗೆ, ಎರಡು ತುದಿ ಕೆಳಗಿಳಿಸಿ ಕಲ್ಲಿಗೆ. ಇದರಲ್ಲಿ ಅಲೆ ಬಹುಪಾಲು ನೆಟ್ಟಗೆ ಮೇಲೆ ಹೋಗಿ ವಾತಾವರಣದ ಮೇಲಿನ ಪದರವಾದ ಅಯಾನುಗೋಲಕ್ಕೆ ಬಡಿದು ಕೆಳಗಿಳಿಯುತ್ತದೆ. ಹಗಲು ಹೊತ್ತು ಮುನ್ನೂರು, ನಾನೂರು, ಐನೂರು ಕಿಲೋಮೀಟರ್ ಒಳಗಿನವರು ಚೆನ್ನಾಗಿ ಸಿಗುತ್ತಾರೆ. ಹಂಗಾದರೆ ಇದಕ್ಕೆ ಗುಡ್ಡ ಯಾಕೆ ಹತ್ತಬೇಕು ಅಂತ ಕೇಳಬಹುದು. ಎತ್ತರಕ್ಕಾಗಿ ಅಲ್ಲ, ಸದ್ದಿಲ್ಲ ಅಂತ. ಊರಲ್ಲಿ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್ ಎಲ್ಲ ಸೇರಿ ನಮ್ಮ ಮನೆಯಲ್ಲಿ ರೇಡಿಯೋದಲ್ಲಿ ಸಿಗ್ನಲ್ ಬಲ ತೋರಿಸುವ ಮೀಟರ್ ಮುಳ್ಳು ಎಸ್7ರಿಂದ ಇಳಿಯುವುದೇ ಇಲ್ಲ. ಗುಡ್ಡದ ಮೇಲೆ ಅದು ಮಲಗಿಬಿಡುತ್ತದೆ. ಆದರೆ ಗಾಳಿಯಂತ್ರ, ಕರೆಂಟ್ ತಂತಿ ಹತ್ತಿರ ಕೂರಬೇಡಿ, ನಾನೊಮ್ಮೆ ನೆರಳಿದೆ ಅಂತ ಒಂದರ ಬುಡದಲ್ಲಿ ಕೂತು ಬರೀ ಕರ್ ಅನ್ನುವುದನ್ನು ಕೇಳಿ ಎದ್ದು ಬಂದೆ.

ಎತ್ತರ ಕೆಲಸಕ್ಕೆ ಬರುವುದು 2 ಮೀಟರ್ ಬ್ಯಾಂಡಿನಲ್ಲಿ (144 ಮೆಗಾಹರ್ಟ್ಸ್‌ನಿಂದ ಮೇಲೆ), ಅಂದರೆ ಕೈಯಲ್ಲಿ ಹಿಡಿಯುವ ಸೆಟ್ಟಿನಲ್ಲಿ. ಬಯಲಿಗಿಂತ 250 ಮೀಟರ್ ಮೇಲೆ ಇದ್ದೀರಿ ಅಂದುಕೊಳ್ಳಿ. ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋದ ದಿಗಂತ 65 ಕಿಲೋಮೀಟರ್ ಬರುತ್ತದೆ. ಆ ಕಡೆಯವರೂ ಮಾಳಿಗೆಯ ಮೇಲೋ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೋ ಇದ್ದರೆ ಅವರ ದಿಗಂತವೂ ಇದಕ್ಕೆ ಕೂಡುತ್ತದೆ. 5 ವ್ಯಾಟ್ ಸಾಕು. ಹೊಸಬರು ಇದರಿಂದಲೇ ಶುರು ಮಾಡಿ, ಗಳವೂ ಬೇಡ ಕಲ್ಲೂ ಬೇಡ.

ಒಂದು ಎಚ್ಚರ. ಅಮೆರಿಕದವರ ವಿಡಿಯೋ ನೋಡಿ ಅವರ ಫ್ರೀಕ್ವೆನ್ಸಿ ಹಾಕಬೇಡಿ. ಅವರಿಗೆ 7.300 ತನಕ ಇದೆ, ನಮಗೆ 7.000ದಿಂದ 7.200 ಮಾತ್ರ. ಅವರು ಗುಡ್ಡದಿಂದ ಕರೆಯುವ 146.520 ನಮ್ಮ ಬ್ಯಾಂಡಿನಲ್ಲೇ ಇಲ್ಲ, ನಮ್ಮದು 144ರಿಂದ 146. ಅವರು ಆಡುವ ಆಟದ ಹೆಸರು ಸೋಟಾ, ಅಂದರೆ ಸಮಿಟ್ಸ್ ಆನ್ ದಿ ಏರ್, 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾಯಿತು. ನೆತ್ತಿಯಿಂದ ನಾಲ್ಕು ಜನರ ಜೊತೆ ಮಾತಾಡಿದರೆ ಅಂಕ, ಕೆಲವು ಕಡೆ ಚಳಿಗಾಲಕ್ಕೆ ಜಾಸ್ತಿ ಅಂಕ. ಗಾಡಿಯಿಂದ ಕರೆಂಟ್ ತಗೊಳ್ಳುವಂತಿಲ್ಲ, ಜನರೇಟರ್ ಇಡುವಂತಿಲ್ಲ. ಅಂಕ ಬೇಡದಿದ್ದರೂ ಈ ನಿಯಮ ಒಳ್ಳೆಯದು, ಎಲ್ಲ ಹೊತ್ತುಕೊಂಡೇ ಹೋಗಬೇಕು ಅಂದಾಗ ಬೇಡದ ಸಾಮಾನು ಮನೆಯಲ್ಲೇ ಉಳಿಯುತ್ತದೆ.

ಸಾಮಾನು ಅಂದರೆ, ನನ್ನ ರೇಡಿಯೋ ಹಳೆಯ ಎಫ್‌ಟಿ-817. ಕೇಳುವಾಗ ಅರ್ಧ ಆಂಪಿಯರಿಗಿಂತ ಸ್ವಲ್ಪ ಕಡಿಮೆ, ಮಾತಾಡುವಾಗ 2 ಆಂಪಿಯರ್ ಎಳೆಯುತ್ತದೆ. ಕೇಳುವುದೇ ಹೆಚ್ಚು, ಹಂಗಾಗಿ ಮೂರು ತಾಸಿಗೆ ಎರಡೂವರೆ ಆಂಪಿಯರ್-ಅವರ್ ಲೆಕ್ಕ, 6 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಒಯ್ದರೆ ಉಳಿದೇ ಉಳಿಯುತ್ತದೆ. ಯುಪಿಎಸ್ಸಿನ ಸೀಸದ ಬ್ಯಾಟರಿಯೂ ನಡೆಯುತ್ತದೆ, ಎರಡು ಕೆಜಿ ಹೊರುವ ಮನಸ್ಸಿದ್ದರೆ. ಹೊಸ ಸೆಟ್ ದುಬಾರಿ ಅನಿಸಿದರೆ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ಅನ್ನುವ, ಕೈಯಾರೆ ಕಟ್ಟಿಕೊಳ್ಳಬಹುದಾದ ರೇಡಿಯೋದ ವಿನ್ಯಾಸ ನೋಡಿ. ಮೊದಲಿನ ಬಿಟ್‌ಎಕ್ಸ್‌ನಲ್ಲಿ ಕಾಯಿಲ್ ಸುತ್ತಲು ಅವರು ನಲ್ಲಿಯ ವಾಷರ್ ಬಳಸಿದ್ದರು, ನಮ್ಮಂಥವರಿಗೆ ಅಂಗಡಿಯಲ್ಲಿ ಸಿಗಲಿ ಅಂತ. ನನಗಂತೂ ಅದು ಬಹಳ ಹಿಡಿಸಿತು.

ಒಂದು ವರ್ಷ ಎಳ್ಳ ಅಮವಾಸಿ ಮರುದಿನ ಹೋಗಿದ್ದೆ. ಡಬ್ಬಿಯಲ್ಲಿ ಉಳಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಬುಡದ ಇಳಿಜಾರಿನಲ್ಲೇ ತಂತಿ ಕಟ್ಟಿ ನೋಡುತ್ತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು ಬಂದು ಕೋಲು ಊರಿ ನಿಂತರು.

"ಯಾರ ಕೂಡ ಮಾತಾಡಾಕತ್ತೀರಿ?"

"ಕೇರಳದವ್ರ ಕೂಡ್ರಿ ಯಜಮಾನ್ರ."

"ರೊಕ್ಕ ಎಷ್ಟ ಹಿಡಿತಾರ?"

"ರೊಕ್ಕ ಇಲ್ರಿ."

"ಹಂಗಾದ್ರ ನಮ್ಮ ಹುಡುಗಗ ಹಚ್ಚಿ ಕೊಡ್ರಿ, ಮಂಗಳೂರಾಗ ದುಡಿತಾನ."

ಲೈಸೆನ್ಸ್ ಇದ್ದವರು ಇದ್ದವರ ಜೊತೆ ಮಾತ್ರ ಮಾತಾಡಬಹುದು, ಅವರ ಮಗನಿಗೆ ಹಚ್ಚಲು ಬರುವುದಿಲ್ಲ ಅಂತ ತಿಳಿಸಿ ಹೇಳುವಷ್ಟರಲ್ಲಿ ಕೇರಳದವರು ಹೋಗಿಬಿಟ್ಟಿದ್ದರು. ಅಜ್ಜ ಹೋಳಿಗೆ ತಿಂದು, "ಉಪಯೋಗಿಲ್ಲ ಬಿಡ್ರಿ" ಅಂದು ಕುರಿ ಹೊಡೆದುಕೊಂಡು ಹೋದರು.

ಇನ್ನು ಅನುಮತಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಗಾಳಿಗುಂಡಿ ಬಸವಣ್ಣನ ಗುಡಿಗೆ ಜನ ಹೋಗಿ ಬರುತ್ತಾರೆ, ಆದರೂ ಕಂಬ, ತಂತಿ ಕಟ್ಟುವವರು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು ಹೋಗಿ. ದೂರದಿಂದ ಆಂಟೆನಾ ನೋಡಿದವರಿಗೆ ಅನುಮಾನ ಬರುವುದು ಸಹಜ, ಲೈಸೆನ್ಸಿನ ಪ್ರತಿ ಜೇಬಿನಲ್ಲಿರಲಿ. ನಿಮ್ಮ ಸ್ಟೇಷನ್ ಎಲ್ಲಿಂದ ನಡೆಸಬಹುದು ಅಂತ ಅದರಲ್ಲಿ ಏನು ಬರೆದಿದೆ ಅನ್ನುವುದನ್ನೂ ಒಮ್ಮೆ ಓದಿ. ಬೇಸಿಗೆ ಬರುವ ಮೊದಲೇ ಹುಲ್ಲು ಒಣಗಿ ನಿಂತಿರುತ್ತದೆ, ಚಹಾ ಕಾಸಲು ಒಲೆ ಹಚ್ಚಬೇಡಿ, ಫ್ಲಾಸ್ಕ್ ಒಯ್ಯಿರಿ. ಚಿರತೆ, ಕತ್ತೆಕಿರುಬ ಇರುವ ಕಾಡು, ಸಂಜೆ ಬ್ಯಾಂಡು ಎಷ್ಟೇ ಚೆನ್ನಾಗಿದ್ದರೂ ನಾಲ್ಕು ಗಂಟೆಗೆ ಗಳ ಇಳಿಸಿಬಿಡಿ.

ಯಾವ ದಿನ ಹೋಗುತ್ತೀರಿ ಅಂತ ಇಲ್ಲೇ ಕೆಳಗೆ ಬರೆಯಿರಿ. ಆವತ್ತು ಬೆಳಗ್ಗೆ ಎಂಟರಿಂದ ನಾನು ಮಾಳಿಗೆ ಮೇಲೆ 145.500 ಹಚ್ಚಿಕೊಂಡು ಕೂತಿರುತ್ತೇನೆ.