ಲ್ಯಾಬ್ರಡಾರ್ ಮುಂದಿನ ಸೀಟಿಗೆ ಹಾರದಂತೆ ತಡೆ

ಚಿಕ್ಕಮಗಳೂರಿನಿಂದ ಕಾರಿನಲ್ಲಿ ಚಾರ್ಮಾಡಿ ಇಳಿಯುವಾಗ ನಾಯಿ ಗೇರ್ ಮೇಲೆ ಬೀಳುತ್ತೆ, ಮನೆಯಲ್ಲೇ ತಡೆ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು.

ಮುಕ್ಕಾಲು ಇಂಚಿನ ಪಿವಿಸಿ ಪೈಪು 15 ಅಡಿ, ಎಲ್ಬೋ (ಮೂಲೆಯ ಜೋಡಣೆ) 4, ಟೀ (ಮೂರು ಬಾಯಿಯ ಜೋಡಣೆ) 2, ಒಂದಿಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿ ಜಾಲರಿ) ತನ್ನಿ. ಮುಂದಿನ ಸೀಟುಗಳನ್ನು ನೀವು ಓಡಿಸುವ ಸ್ಥಾನದಲ್ಲೇ ಇಟ್ಟು ಅಳೆಯಿರಿ. ಸಾಮಾನ್ಯವಾಗಿ ಅಗಲ 120, ಎತ್ತರ 60 ಸೆಂ.ಮೀ. ಸಾಕು. ಎರಡೂ ಬದಿಯಲ್ಲಿ ಬಾಗಿಲುಗಳ ನಡುವಿನ ಕಂಬದಿಂದ ಎರಡೆರಡು ಸೆಂ.ಮೀ. ಬಿಡಿ, ಕರ್ಟನ್ ಏರ್‌ಬ್ಯಾಗ್ (ಡಿಕ್ಕಿಯಾದಾಗ ಕಿಟಕಿಯ ಮೇಲಿಂದ ಪರದೆಯಂತೆ ಬಿಚ್ಚಿಕೊಳ್ಳುವ ಗಾಳಿಚೀಲ) ಇದ್ದರೆ ಇನ್ನೂ ಹೆಚ್ಚು. ಮಧ್ಯಕ್ಕೆ ಮೇಲಿಂದ ಕೆಳಗೆ ಒಂದು ಪೈಪು ಬೇಕೇ ಬೇಕು, ಇಲ್ಲದಿದ್ದರೆ ಭಾರಕ್ಕೆ ಚೌಕಟ್ಟು ಬಾಗುತ್ತೆ. ಮೊದಲು ಅಂಟಿಲ್ಲದೆ ಜೋಡಿಸಿ, ಕಾರಿನೊಳಗೆ ಕೂರಿಸಿ ನೋಡಿ, ಆಮೇಲೆ ಸಲ್ಯೂಷನ್ ಹಚ್ಚಿ.

ಮೆಶ್ ಕತ್ತರಿಸಿದ ತುದಿಗಳನ್ನು ಪೈಪಿಗೆ ಸುತ್ತಿ ಮಡಚಿ, ಮೇಲೆ ಹಳೇ ಸೈಕಲ್ ಟ್ಯೂಬ್ ಕಟ್ಟಿ. ಮೂತಿ, ಪಾದ ಸೀಳುವುದು ಅಲ್ಲೇ. ಹೆಡ್‌ರೆಸ್ಟ್‌ನ ನಾಲ್ಕು ಕಂಬಿಗಳಿಗೆ ವೆಲ್ಕ್ರೋ ಪಟ್ಟಿಯಿಂದ ಬಿಗಿಯಿರಿ. ಕೇಬಲ್ ಟೈ ಹಾಕಿದರೆ ಸೀಟು ಸರಿಸಬೇಕಾದಾಗ ಪ್ರತಿ ಸಲ ಕತ್ತರಿಸಬೇಕು. ಹೆಚ್ಚಿನವರು ಮರೆಯುವುದು ಕೆಳಭಾಗ: ಅದನ್ನೂ ಸೀಟಿನ ಕೆಳಗಿನ ಕಬ್ಬಿಣಕ್ಕೆ ಕಟ್ಟಿ, ಇಲ್ಲದಿದ್ದರೆ ನಾಯಿ ತಲೆ ತೂರಿಸಿ ಎತ್ತಿಬಿಡುತ್ತೆ.

ಇದು ಹಾರುವುದನ್ನು ತಡೆಯುತ್ತೆ, ಡಿಕ್ಕಿಯಾದರೆ ನಾಯಿಯನ್ನು ಹಿಡಿಯಲ್ಲ. ಎದೆಗೆ ಹಾರ್ನೆಸ್ (ಎದೆ-ಬೆನ್ನು ಸುತ್ತುವ ಪಟ್ಟಿ) ಹಾಕಿ ಸೀಟ್ ಬೆಲ್ಟಿನ ಬಕಲ್‌ಗೆ ಸಿಕ್ಕಿಸಿ. ಕುತ್ತಿಗೆ ಪಟ್ಟಿಗೆ ಮಾತ್ರ ದಯವಿಟ್ಟು ಬೇಡ.