ಪಿಸ್ತೂಲಿಗೆ 40 ಡಾಲರಿನ ಹಸಿರು ಲೇಸರ್ ಸಾಕಾ, 250 ಡಾಲರಿನದ್ದೇ ಬೇಕಾ?

ಡಲ್ಲಾಸ್‌ನಲ್ಲಿ ಮನೆಗೆ ಅಂತ 9 ಎಂಎಂ ಪಿಸ್ತೂಲು ತಗೊಂಡಿದ್ದೀರಿ, ಈಗ ಗುರಿಯ ಮೇಲೆ ಬೆಳಕಿನ ಚುಕ್ಕೆ ಬೀಳಿಸುವ ಲೇಸರ್ ಅಗ್ಗದ್ದೋ ದುಬಾರಿಯದ್ದೋ ಅನ್ನೋ ಯೋಚನೆ. ಅಯ್ಯೋ, ಟೆಕ್ಸಾಸ್‌ಗೆ ಬಂದ ಹೊಸದರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ಮೊದಲು ಅಗ್ಗದ್ದೇ ತಂದೆ. ನಳಿಗೆಯ ಕೆಳಗಿನ ಗಾಡಿಪಟ್ಟಿಗೆ, ಅಂದರೆ ರೈಲಿಗೆ, ಸಿಕ್ಕಿಸುವಂಥದ್ದು. ಶೂಟಿಂಗ್ ರೇಂಜಿನಲ್ಲಿ 7 ಗಜಕ್ಕೆ ಹೊಂದಿಸಿದೆ, ಚುಕ್ಕೆ ಎಲ್ಲೋ ಗುಂಡೂ ಅಲ್ಲೇ. ಭಾರೀ ಖುಷಿ. ಗುರಿ ಹಾಳೆಯನ್ನು 25 ಗಜಕ್ಕೆ ಕಳಿಸಿದೆ ನೋಡಿ, ಗುಂಡು ಅಂಗೈ ಅಗಲ ಕೆಳಗೆ! ಚುಕ್ಕೆ ಸರಿಸುವ ಸ್ಕ್ರೂ ತಿರುಗಿಸಿದೆ. 25ಕ್ಕೆ ಸರಿಹೋಯಿತು, 7ಕ್ಕೆ ಕೆಟ್ಟಿತು. ಮತ್ತೆ ತಿರುಗಿಸಿದೆ. ಡಬ್ಬಿಗಟ್ಟಲೆ ಗುಂಡು ಖಾಲಿ. ಕೊನೆಗೆ ಈ ಲೇಸರೇ ದಂಡ ಅಂತ ಬೈದು ದುಬಾರಿಯದ್ದನ್ನು ತಂದರೆ ಅದೂ ಅದೇ ಆಟ ಆಡಿತು.

ಆಗಿದ್ದು ಇಷ್ಟು. ಲೇಸರ್ ಕೂತಿದ್ದದ್ದು ನಳಿಗೆಗಿಂತ ಒಂದೂವರೆ ಇಂಚು ಕೆಳಗೆ. 7 ಗಜದಲ್ಲಿ ಗುಂಡಿನ ದಾರಿ ಮುಟ್ಟಬೇಕಾದರೆ ಕಿರಣ ಸ್ವಲ್ಪ ಮೇಲ್ಮುಖವಾಗಿ ಹೋಗಬೇಕು. ಮುಟ್ಟಿದ ಮೇಲೆ ಅಲ್ಲೇ ನಿಲ್ಲುತ್ತದಾ? ಏರುತ್ತಲೇ ಹೋಗುತ್ತದೆ. 25 ಗಜಕ್ಕೆ ನಳಿಗೆಯ ನೇರಕ್ಕಿಂತ ಸುಮಾರು 4 ಇಂಚು ಮೇಲಿರುತ್ತದೆ. ನಾವು ಚುಕ್ಕೆಯನ್ನು ಇಳಿಸಿ ಗುರಿಯ ಮೇಲೆ ಇಡುತ್ತೇವೆ, ನಳಿಗೆಯೂ ಇಳಿಯುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಎಷ್ಟು ದುಡ್ಡು ಸುರಿದರೂ ಇದು ತಪ್ಪುವುದಿಲ್ಲ. 7 ಗಜದಲ್ಲಿ ಗುಂಡು ಚುಕ್ಕೆಗಿಂತ ಒಂದೂವರೆ ಇಂಚು ಮೇಲೆ ಬೀಳುವ ಹಾಗೆ ಹೊಂದಿಸಿದ್ದರೆ ಕಿರಣ ನಳಿಗೆಗೆ ಸಮಾನಾಂತರವಾಗಿ ಹೋಗುತ್ತಿತ್ತು, ಮನೆಯೊಳಗಿನ ಯಾವ ದೂರಕ್ಕೂ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ ಇರುತ್ತಿತ್ತು. ಇದಕ್ಕೆ ಬೇಕಾಗಿದ್ದದ್ದು ಒಂದು ಸ್ಕೇಲು, ಹೊಸ ಲೇಸರ್ ಅಲ್ಲ.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದಲ್ಲಿ ಇಂಥ ಲೇಸರ್‌ಗಳಿಗೆ 5 ಮಿಲಿವ್ಯಾಟ್ ಮಿತಿ ಇದೆ, ಹಾಗಾಗಿ ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಬೆಳಕು ಅಂತೇನಿಲ್ಲ. ಅಷ್ಟೇ ಶಕ್ತಿಯಲ್ಲಿ 520 ನ್ಯಾನೊಮೀಟರ್ ತರಂಗಾಂತರದ ಹಸಿರು, 635ರ ಕೆಂಪಿಗಿಂತ ಕಣ್ಣಿಗೆ ಸುಮಾರು 3 ಪಟ್ಟು ಪ್ರಖರ. ಬಿಸಿಲಲ್ಲಿ ಅದೇ ಮೇಲು. ರಾತ್ರಿ ಮನೆಯೊಳಗೆ ಕೆಂಪು ಧಾರಾಳ ಸಾಕು, ಬ್ಯಾಟರಿಯೂ ಹೆಚ್ಚು ಬಾಳುತ್ತದೆ. ದುಡ್ಡು ಕೊಡುವುದಾದರೆ ಗುಂಡು ಹಾರಿದಾಗಿನ ಒದೆತಕ್ಕೆ ಕದಲದಂಥದ್ದಕ್ಕೆ ಕೊಡಿ. ಸ್ವಿಚ್ಚನ್ನೂ ನೋಡಿ. ಕ್ರಿಮ್ಸನ್ ಟ್ರೇಸ್ ಕಂಪನಿಯ ಲೇಸರ್‌ಗ್ರಿಪ್, ಅಂದರೆ ಪಿಸ್ತೂಲಿನ ಹಿಡಿಯಲ್ಲೇ ಇರುವ ಲೇಸರ್, ಕೈ ಬಿಗಿಯಾದ ಕೂಡಲೇ ಹತ್ತುತ್ತದೆ, ಕತ್ತಲಲ್ಲಿ ಬೆರಳಿಂದ ತಡಕಾಡುವ ಗೋಜಿಲ್ಲ.

ಆದರೆ ನನ್ನನ್ನು ಕೇಳಿದರೆ ನಿಮಗೆ ಸದ್ಯಕ್ಕೆ ಲೇಸರೇ ಬೇಡ. ಹೊಸಬರು ಚುಕ್ಕೆ ನಡುಗುವುದನ್ನು ನೋಡಿ, ಅದು ನಿಲ್ಲಲಿ ಅಂತ ಕಾದು, ನಿಂತ ಕ್ಷಣಕ್ಕೆ ಟ್ರಿಗರನ್ನು ಜಗ್ಗುತ್ತಾರೆ, ಗುಂಡು ಎಲ್ಲೋ ಹೋಗುತ್ತದೆ. ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವವರು ಯಾವ ಲೇಸರ್ ಹಾಕುತ್ತಾರೆ ಹೇಳಿ? ಆ 250 ಡಾಲರನ್ನು ಒಳ್ಳೆ ಕ್ಲಾಸಿಗೂ ಗುಂಡಿಗೂ ಹಾಕಿ. ಆಮೇಲೂ ಬೇಕು ಅನ್ನಿಸಿದರೆ, ಬ್ಯಾಟರಿ ಹಾಕಲು ಪಿಸ್ತೂಲಿನಿಂದ ಕಳಚಬೇಕಾದ ಮಾದರಿಯನ್ನು ಮಾತ್ರ ತರಬೇಡಿ, ಪ್ರತಿ ಸಲವೂ ಹೊಸದಾಗಿ ಹೊಂದಿಸುವ ಕೆಲಸ ಬೀಳಬಹುದು.